ಪೋಲೊ ಜಿಟಿ ಕೊಳ್ಳುವ ಮುನ್ನ: ಟಿಎಸ್‌ಐ ಆಗಬಹುದೆ, ಟಿಡಿಐ ಆಗಬಹುದೆ? ಕೊಡಗಿನವರಿಗೊಂದು ಮಾರ್ಗದರ್ಶಿ

ಕಾಫಿ ಮಾರಿದ ಹಣ ಕೈಗೆ ಬರುವ ಹೊತ್ತಿಗೆ ಕೊಡಗಿನಲ್ಲಿ ಹಳೆಯ ಕಾರುಗಳ ಮಾತು ಶುರುವಾಗುತ್ತದೆ. ತೋಟದ ಕೆಲಸಕ್ಕೆ ಜೀಪೋ ಪಿಕಪ್ಪೋ ಮನೆಯಲ್ಲಿ ಹೇಗೂ ಇರುತ್ತದೆ. ಬೇಕಾಗಿರುವುದು ಓಡಿಸುವ ಖುಷಿಗೊಂದು ಕಾರು. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ಎಂಬ ಕಾರಿನ ಓಟ ನೋಡಿ ಬೆಳೆದವರ ಜಿಲ್ಲೆ ಇದು. ಬರೀ ಮೈಲೇಜ್ ಕೇಳಿ ಕಾರು ಕೊಳ್ಳುವವರು ಇಲ್ಲಿ ಕಡಿಮೆ. ಹತ್ತು ಲಕ್ಷದೊಳಗೆ ಅಂಥ ಕಾರು ಹುಡುಕುವವರ ಪಟ್ಟಿಯಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಇದ್ದೇ ಇರುತ್ತದೆ. 2022ರಲ್ಲಿ ಭಾರತದಲ್ಲಿ ಪೋಲೊ ತಯಾರಿಕೆಯೇ ನಿಂತುಹೋದುದರಿಂದ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡೇ.

ಆಮೇಲೆ ಏಳುವ ಪ್ರಶ್ನೆ ಪೆಟ್ರೋಲ್ ಜಿಟಿ ಟಿಎಸ್‌ಐ ಆಗಬೇಕೋ, ಡೀಸೆಲ್ ಜಿಟಿ ಟಿಡಿಐ ಆಗಬೇಕೋ ಎಂಬುದು. ಬೆಂಗಳೂರಿನ ಗೆಳೆಯರನ್ನು ಕೇಳಿದರೆ ಅಲ್ಲಿನ ಸಿಗ್ನಲ್‌ಗಳಿಗೆ, ಅಲ್ಲಿನ ಹೆದ್ದಾರಿಗೆ ಸರಿಯಾದ ಉತ್ತರವನ್ನೇ ಕೊಡುತ್ತಾರೆ. ನಮ್ಮ ಏರು, ನಮ್ಮ ಮಳೆ, ನಮ್ಮ ತೋಟದ ದಾರಿ ಅವರ ಲೆಕ್ಕದಲ್ಲಿ ಬರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಈ ಎರಡರ ನಡುವಿನ ಆಯ್ಕೆ ಎಂಜಿನ್ನಿನದಲ್ಲ, ಕ್ಲಚ್ಚಿನದು. ನಿಮ್ಮ ಮನೆಯ ಗೇಟಿನಿಂದ ಡಾಂಬರು ರಸ್ತೆಯವರೆಗಿನ ದಾರಿಯನ್ನು ಯಾವ ಕ್ಲಚ್ ತಾಳಿಕೊಳ್ಳುತ್ತದೆಯೋ ಆ ಕಾರು ನಿಮ್ಮದು.

ಹೆಸರು ಒಂದೇ, ಕಾರುಗಳು ಬೇರೆ

ಜಾಹೀರಾತಿನಲ್ಲಿ ‘ಪೋಲೊ ಜಿಟಿ’ ಎಂದಷ್ಟೇ ಇದ್ದರೆ ಇಸವಿ ಕೇಳದೆ ಮುಂದಿನ ಮಾತಿಗೆ ಹೋಗಬೇಡಿ.

ಜಿಟಿ ಟಿಎಸ್‌ಐ ಬಂದದ್ದು 2013ರಲ್ಲಿ. 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್. 105 ಪಿಎಸ್ (ಕುದುರೆಶಕ್ತಿಯ ಅಳತೆ) ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಗೇರ್‌ಬಾಕ್ಸ್ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ಜಿಟಿ ಟಿಡಿಐಯಲ್ಲಿ 1.6 ಲೀಟರ್ ಡೀಸೆಲ್ ಎಂಜಿನ್ ಇತ್ತು. ಶಕ್ತಿ ಅಷ್ಟೇ, 105 ಪಿಎಸ್. ಟಾರ್ಕ್ ಮಾತ್ರ 250 ನ್ಯೂಟನ್ ಮೀಟರ್. ಐದು ಗೇರಿನ ಮ್ಯಾನುಯಲ್. 2014ರ ಮಧ್ಯಭಾಗದಲ್ಲಿ ಕಾರಿನ ಮುಖ ಬದಲಾದಾಗ ಡೀಸೆಲ್ ಎಂಜಿನ್ 1.5 ಲೀಟರಿಗೆ ಇಳಿಯಿತು, ಟಾರ್ಕ್ 250ರಲ್ಲೇ ಉಳಿಯಿತು. ಮುಂದೆ ಅದರ ಶಕ್ತಿ 110 ಪಿಎಸ್‌ಗೆ ಏರಿತು.

2020ರಲ್ಲಿ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದಾಗ ಡೀಸೆಲ್ ಪೋಲೊ ಮುಗಿಯಿತು. ಟಿಎಸ್‌ಐ ಕೂಡ 1.0 ಲೀಟರಿನ ಮೂರು ಸಿಲಿಂಡರ್ ಎಂಜಿನ್ ಆಯಿತು, 110 ಪಿಎಸ್. ಜಿಟಿಯಲ್ಲಿ ಡಿಎಸ್‌ಜಿ ಜಾಗಕ್ಕೆ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು. ಅದೇ ಎಂಜಿನ್ನು ಆರು ಗೇರಿನ ಮ್ಯಾನುಯಲ್ ಜೊತೆಗೂ ಸಿಗುತ್ತಿತ್ತು, ಆದರೆ ಅದರ ಮೇಲೆ ಜಿಟಿ ಎಂಬ ಬಿಲ್ಲೆ ಇರಲಿಲ್ಲ. ಈ ಕೊನೆಯ ಕಾರುಗಳ ಮಾತನ್ನು ಮುಂದೆ ಒಂದು ಕಡೆ ಎತ್ತುತ್ತೇನೆ. ಪೇಟೆಯಲ್ಲಿ ಹೆಚ್ಚು ಸಿಗುವುದು 2013ರಿಂದ 2019ರವರೆಗಿನವು, ಗೊಂದಲವೂ ಅವುಗಳದ್ದೇ.

ಎರಡರಲ್ಲೂ ಮುಂದಿನ ಎರಡು ಏರ್‌ಬ್ಯಾಗ್ ಇವೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು ಸ್ಟಾರ್ ಬಂದಿದ್ದವು. ಟಿಎಸ್‌ಐಯಲ್ಲಿ ಕಾರು ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತ ಉಳಿಸುವ ಇಎಸ್‌ಪಿಯೂ ಏರಿನಲ್ಲಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡೂ ಇವೆ. ಡೀಸೆಲ್ಲಿನಲ್ಲಿ ಮಾರುವವರ ಮಾತು ನಂಬದೆ ನೀವೇ ನೋಡಿ: ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದಿದ್ದರೆ ಒಂದೋ ಆ ಸೌಲಭ್ಯ ಇಲ್ಲ, ಇಲ್ಲವೇ ಯಾರೋ ದೀಪ ಕಿತ್ತಿದ್ದಾರೆ.

ಮೊದಲು ನಿಮ್ಮ ದಾರಿ ನೋಡಿಕೊಳ್ಳಿ

ಕಾರು ನೋಡಲು ಹೊರಡುವ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿದೆ. ಈಗಿರುವ ಕಾರಿನಲ್ಲಿ ನಿಮ್ಮ ಮನೆಯ ದಾರಿಯನ್ನೊಮ್ಮೆ ನಿಧಾನವಾಗಿ ಹತ್ತಿ ನೋಡಿ. ಎಷ್ಟು ಕಡೆ ಮೊದಲ ಗೇರ್ ಬೇಕು? ಗೇಟು ತೆರೆಯಲು ಏರಿನ ನಡುವೆ ನಿಲ್ಲಿಸಬೇಕಾಗುತ್ತದೆಯೆ? ಶೆಡ್ಡಿಗೆ ರಿವರ್ಸಿನಲ್ಲೇ ಏರಿಸಬೇಕೆ? ಮಳೆಗಾಲದಲ್ಲಿ ಕೊರೆದ ಚರಂಡಿ ದಾರಿಯ ಮಧ್ಯೆ ಬರುತ್ತದೆಯೆ?

ಇವನ್ನೆಲ್ಲ ಕೇಳುವುದಕ್ಕೆ ಕಾರಣವಿದೆ. ಟಿಎಸ್‌ಐಯ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಕ್ಲಚ್‌ಗಳಿವೆ. ಒಂದು 1, 3, 5, 7ನೇ ಗೇರುಗಳನ್ನು ನೋಡಿಕೊಂಡರೆ ಇನ್ನೊಂದು 2, 4, 6 ಮತ್ತು ರಿವರ್ಸನ್ನು ನೋಡಿಕೊಳ್ಳುತ್ತದೆ. ಎರಡೂ ಒಣ ಕ್ಲಚ್‌ಗಳು. ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಗಾಳಿಯಿಂದಲೇ ತಣಿಯಬೇಕು. ಕಾರು ಓಡುತ್ತಿರುವಾಗ ಇದು ಅದ್ಭುತವಾದ ಗೇರ್‌ಬಾಕ್ಸ್, ಮುಂದಿನ ಗೇರ್ ಆಗಲೇ ಸಿದ್ಧವಿರುವುದರಿಂದ ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಆದರೆ ಕಡಿದಾದ ಏರಿನಲ್ಲಿ ನಡೆಯುವ ವೇಗದಲ್ಲಿ ತೆವಳಿದಾಗ ಕ್ಲಚ್ ಪೂರ್ತಿ ಕೂಡಿಕೊಳ್ಳದೆ ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಮ್ಯಾನುಯಲ್ ಕಾರಿನಲ್ಲಾದರೆ ನಿಮ್ಮ ಕಾಲೇ ಅದನ್ನು ನಿಭಾಯಿಸುತ್ತದೆ, ಸುಟ್ಟ ವಾಸನೆ ಬಂದರೆ ಕಾಲು ತೆಗೆಯುತ್ತೀರಿ. ಡಿಎಸ್‌ಜಿಯಲ್ಲಿ ಆ ಕೆಲಸ ಮಾಡುವುದು ಮೆಕಾಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಮತ್ತು ಹೈಡ್ರಾಲಿಕ್ ಘಟಕ. ಅದು ಕೆಟ್ಟರೆ ಖರ್ಚು ಸಾವಿರಗಳಲ್ಲಿ ಮುಗಿಯುವುದಿಲ್ಲ.

ಇದೇ ಮಾದರಿಯ ಗೇರ್‌ಬಾಕ್ಸಿಗಾಗಿ ಕಂಪನಿ 2013ರ ನವೆಂಬರಿನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು. ಒಳಗಿನ ಸಿಂಥೆಟಿಕ್ ಎಣ್ಣೆಯಿಂದ, ಅದರಲ್ಲೂ ಬಿಸಿ ಮತ್ತು ತೇವ ಹೆಚ್ಚಿರುವ ಕಡೆ, ವಿದ್ಯುತ್ ಸಂಪರ್ಕದಲ್ಲಿ ದೋಷ ಬರಬಹುದೆಂದು ಅದನ್ನು ತೆಗೆದು ಮಿನರಲ್ ಎಣ್ಣೆ ಹಾಕುವುದೇ ಆ ಕೆಲಸವಾಗಿತ್ತು. 2013ರ ಕಾರು ನೋಡುತ್ತಿದ್ದರೆ ಅದರ ಷಾಸಿ ಸಂಖ್ಯೆ ಕೊಟ್ಟು, ಬಾಕಿ ಉಳಿದ ಕೆಲಸ ಏನಾದರೂ ಇದೆಯೇ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ.

ಹಾಗಾದರೆ ಯಾರಿಗೆ ಯಾವುದು? ಮನೆ ಮಡಿಕೇರಿ, ಕುಶಾಲನಗರ ಅಥವಾ ಗೋಣಿಕೊಪ್ಪಲಿನ ಪೇಟೆಯೊಳಗಿದ್ದು, ಬಾಗಿಲಿನವರೆಗೆ ಕಾಂಕ್ರೀಟ್ ರಸ್ತೆ ಇದ್ದು, ಓಡಾಟವೆಲ್ಲ ಮೈಸೂರಿನ ಕಡೆಗಾದರೆ ಟಿಎಸ್‌ಐ ತೆಗೆದುಕೊಳ್ಳಿ, ಪಶ್ಚಾತ್ತಾಪ ಪಡುವುದಿಲ್ಲ. ಮನೆ ತೋಟದೊಳಗಿದ್ದು ದಿನವೂ ಮಣ್ಣಿನ ಏರು ಹತ್ತಿಳಿಯಬೇಕಾದರೆ, ಅಥವಾ ಮಾಕುಟ್ಟದ ಮೂಲಕ ಇರಿಟ್ಟಿಗೋ ಸಂಪಾಜೆಯ ಮೂಲಕ ಮಂಗಳೂರಿಗೋ ಆಗಾಗ ಹೋಗುವವರಾದರೆ 1.5 ಲೀಟರಿನ ಟಿಡಿಐಯನ್ನೇ ಹುಡುಕಿ. ಎರಡು ಕಿಲೋಮೀಟರ್ ದೂರದ ಅಂಗಡಿಗೆ ಹೋಗಿ ಬರುವುದಷ್ಟೇ ಕೆಲಸವಾದರೆ ಡೀಸೆಲ್ ಬೇಡ. ಬಿಸಿಯಾಗುವ ಮೊದಲೇ ಎಂಜಿನ್ ಆರಿಸುತ್ತಿದ್ದರೆ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ಕವಾಟದಲ್ಲಿ ಮಸಿ ಕಟ್ಟಿಕೊಳ್ಳುತ್ತದೆ.

ಆಟೊಮ್ಯಾಟಿಕ್ಕೇ ಬೇಕು, ಮನೆಯೂ ಏರಿನಲ್ಲೇ ಇದೆ ಎನ್ನುವವರು ಇನ್ನೊಂದಿಷ್ಟು ಹಣ ಕೂಡಿಸಿ 2020ರ ನಂತರದ 1.0 ಟಿಎಸ್‌ಐ ನೋಡುವುದು ಒಳ್ಳೆಯದು. ಟಾರ್ಕ್ ಕನ್ವರ್ಟರಿನಲ್ಲಿ ಶಕ್ತಿ ದಾಟುವುದು ದ್ರವದ ಮೂಲಕ. ಏರಿನಲ್ಲಿ ತೆವಳಿದರೂ ಒಣ ಕ್ಲಚ್ಚಿನ ಹಾಗೆ ಸವೆಯುವುದಿಲ್ಲ. ಡಿಎಸ್‌ಜಿಯ ಚುರುಕು ಅದಕ್ಕಿಲ್ಲ ಎಂದು ಹಳೆಯ ಟಿಎಸ್‌ಐ ಓಡಿಸಿದವರು ಹೇಳುತ್ತಾರೆ, ನಿಜವೇ. ಕೆದಕಲ್ ತಿರುವುಗಳಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ, ಮನೆಯ ಏರಿನಲ್ಲಿ ಗೊತ್ತಾಗುವುದಿಲ್ಲ.

ಎತ್ತರದ ಬಗ್ಗೆ ಒಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಇಲ್ಲಿಗೆ ಬರುವಷ್ಟರಲ್ಲಿ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತದೆ. ನಮ್ಮ ಎರಡೂ ಕಾರುಗಳಲ್ಲಿ ಟರ್ಬೊ ಇರುವುದರಿಂದ ಆ ನಷ್ಟ ಬಹುಪಾಲು ತುಂಬಿಹೋಗುತ್ತದೆ. ಈ ವಿಷಯದಲ್ಲಿ ಎರಡೂ ಸಮ.

ಫೋನಿನಲ್ಲೇ ಮುಗಿಸಬೇಕಾದದ್ದು

ನೂರಿಪ್ಪತ್ತು ಕಿಲೋಮೀಟರ್ ಓಡಿಸಿಕೊಂಡು ಮೈಸೂರಿಗೆ ಹೋಗಿ ನಿರಾಸೆಯಿಂದ ಬರುವ ಬದಲು, ನೋಂದಣಿ ಸಂಖ್ಯೆ ತರಿಸಿಕೊಂಡು ಸರ್ಕಾರದ ಪರಿವಾಹನ್ ಸೇವೆಯಲ್ಲಿ ಮೊದಲು ನೋಡಿ. ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೆ, ವಿಮೆ ಎಲ್ಲಿಯವರೆಗಿದೆ, ದಂಡಗಳು ಉಳಿದಿವೆಯೆ, ಎಲ್ಲವೂ ಗೊತ್ತಾಗುತ್ತದೆ. ಸರ್ವಿಸ್ ಇತಿಹಾಸದ ಫೋಟೊ ಕೇಳಿ. ಪ್ರತಿ ಸರ್ವಿಸಿನಲ್ಲೂ ಕಿಲೋಮೀಟರ್ ಬರೆದಿರುತ್ತದೆ. ಮೀಟರ್ ತಿರುಗಿಸಿದವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಲ್ಲಿಯೇ.

“ಅಣ್ಣಾ, ನೀವು ಬರುವ ಹೊತ್ತಿಗೆ ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರುತ್ತೇನೆ” ಎಂದು ಮಾರುವವರು ಹೇಳಿದರೆ ಬೇಡ ಎನ್ನಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಎಂಜಿನ್ ಮುಚ್ಚಿಡುವ ರೋಗಗಳನ್ನು ತಣ್ಣಗಿನ ಎಂಜಿನ್ ಮೊದಲ ಅರ್ಧ ನಿಮಿಷದಲ್ಲೇ ಹೇಳಿಬಿಡುತ್ತದೆ. ಬಾನೆಟ್ ಆಗಲೇ ಬಿಸಿಯಿದ್ದರೆ ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇನೆಂದು ಹೊರಟುಬಿಡಿ.

ಟಿಎಸ್‌ಐ ನೋಡುವಾಗ

ಮೊದಲ ವರ್ಷಗಳ 1.2 ಟಿಎಸ್‌ಐ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ. ತಣ್ಣಗಿನ ಸ್ಟಾರ್ಟಿನಲ್ಲಿ ಕೆಲವು ಕ್ಷಣ ಕಟಕಟ ಸದ್ದು ಬಂದು ನಿಂತರೆ ಚೈನು ಸಡಿಲವಾಗುತ್ತಿದೆ ಎಂದು ಅನುಮಾನಿಸಿ, ಮೆಕ್ಯಾನಿಕ್‌ಗೆ ಕೇಳಿಸಿ. ಐಡಲಿನಲ್ಲಿ ಎಂಜಿನ್ ತೊದಲಿದರೆ ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಇರಬಹುದು. ಅದು ಸಣ್ಣ ಖರ್ಚು, ಬೆಲೆ ಇಳಿಸಲು ಮಾತ್ರ ಒಳ್ಳೆಯ ನೆಪ.

ಇನ್ನುಳಿದ ಸಮಯವನ್ನೆಲ್ಲ ಗೇರ್‌ಬಾಕ್ಸಿಗೆ ಕೊಡಿ. ಸಮತಟ್ಟಿನಲ್ಲಿ ಡಿ ಹಾಕಿ ಬ್ರೇಕಿನಿಂದ ಕಾಲು ತೆಗೆಯಿರಿ. ಕಾರು ನಯವಾಗಿ ತಾನೇ ಮುಂದಕ್ಕೆ ಹೊರಡಬೇಕು. ಸೀಟಿನ ಕೆಳಗೆ ನಡುಕ ಬಂದರೆ, ವಿಶೇಷವಾಗಿ ಒಂದರಿಂದ ಎರಡಕ್ಕೆ ಹೋಗುವಾಗ, ಕ್ಲಚ್ ಸವೆದಿರಬಹುದು. ಇದನ್ನು ಅಲ್ಲಲ್ಲೇ ಸುತ್ತಿ ನೋಡಿದರೆ ಸಾಲದು. ಮಾರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಶಾಲನಗರದಿಂದ ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿಗೆ ಹತ್ತಿ. ವಾರಾಂತ್ಯದಲ್ಲಿ ಪ್ರವಾಸಿಗರ ಸಾಲು ಇರುತ್ತದಲ್ಲ, ಅದರ ಹಿಂದೆಯೇ ಹೋಗಿ. ಎಲ್ಲರೂ ಶಪಿಸುವ ಆ ಸಾಲು ಡಿಎಸ್‌ಜಿ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ನಿಂತು ಹೊರಟು, ನಿಂತು ಹೊರಟು ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾಗಲಿ.

ಮಡಿಕೇರಿ ಸೇರಿದ ಮೇಲೆ ಜನಸಂಚಾರ ಕಡಿಮೆ ಇರುವ ಕಡಿದಾದ ಓಣಿಯೊಂದನ್ನು ಹುಡುಕಿಕೊಳ್ಳಿ, ಊರಿನಲ್ಲಿ ಅವಕ್ಕೇನೂ ಬರವಿಲ್ಲ. ಏರಿನ ನಡುವೆ ನಿಲ್ಲಿಸಿ. ಬ್ರೇಕ್ ಬಿಟ್ಟಾಗ ಹಿಲ್ ಹೋಲ್ಡ್ ಒಂದೆರಡು ಕ್ಷಣ ಹಿಡಿದುಕೊಳ್ಳಬೇಕು. ಅಷ್ಟರಲ್ಲಿ ಎಕ್ಸಲರೇಟರ್ ಒತ್ತಿದರೆ ಕಾರು ಒದರದೆ ಹೊರಡಬೇಕು. ಆಮೇಲೆ ಕಾರನ್ನು ತಿರುಗಿಸಿ ಅದೇ ಏರನ್ನು ರಿವರ್ಸಿನಲ್ಲಿ ಹತ್ತಿಸಿ. ಬಹಳ ಮಂದಿ ಇದನ್ನು ಮಾಡುವುದಿಲ್ಲ. ರಿವರ್ಸು ಎರಡನೇ ಕ್ಲಚ್ಚಿನ ಮೇಲೆ ನಡೆಯುವುದರಿಂದ ಅದರ ಸ್ಥಿತಿ ಇಲ್ಲಿ ನೇರವಾಗಿ ಕಾಣುತ್ತದೆ. ಡಿಯಿಂದ ಆರ್‌ಗೆ ಹಾಕಿದಾಗ ಢಬ್ಬೆಂದು ಹೊಡೆತ ಬಂದರೆ, ಗೇರ್ ಕೂಡಿಕೊಳ್ಳಲು ತಡವಾದರೆ, ಮೀಟರಿನಲ್ಲಿ ಗೇರಿನ ಅಕ್ಷರ ಮಿನುಗಿದರೆ ಆ ಕಾರನ್ನು ಅಲ್ಲಿಗೇ ಬಿಡಿ. ಬೆಲೆ ಇಳಿಸಿದರೂ ಬೇಡ.

ಮಾರುವವರು ಅಭಿಮಾನದಿಂದ ಹೇಳುವ ಒಂದು ಮಾತಿದೆ, 60,000 ಕಿಲೋಮೀಟರಿಗೆ ಡಿಎಸ್‌ಜಿ ಎಣ್ಣೆ ಬದಲಿಸಿದ್ದೇವೆ ಎಂದು. ಆ ಲೆಕ್ಕ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಆರು ಗೇರಿನ ಡಿಎಸ್‌ಜಿಯದು. ಈ ಒಣ ಕ್ಲಚ್ಚಿನ ಗೇರ್‌ಬಾಕ್ಸಿಗೆ ಹಾಗೆ ನಿಗದಿಯಾದ ಎಣ್ಣೆ ಬದಲಾವಣೆಯೇ ಇಲ್ಲ. ಹಾಗಾಗಿ ಆ ಮಾತಿನಿಂದ ಕಾರಿನ ಬಗ್ಗೆ ಏನೂ ತಿಳಿಯುವುದಿಲ್ಲ, ಹೇಳುವವರ ಬಗ್ಗೆ ಸ್ವಲ್ಪ ತಿಳಿಯುತ್ತದೆ. ಬದಲಿಗೆ ಕ್ಲಚ್ ಪ್ಯಾಕ್ ಅಥವಾ ಮೆಕಾಟ್ರಾನಿಕ್ ಬದಲಿಸಿದ ಬಿಲ್ ಇದ್ದರೆ ಹೆದರಬೇಡಿ, ಖುಷಿಪಡಿ. ದೊಡ್ಡ ಖರ್ಚನ್ನು ಹಿಂದಿನವರೇ ಮುಗಿಸಿದ್ದಾರೆ. ಯಾವ ತಾರೀಕು, ಎಷ್ಟು ಕಿಲೋಮೀಟರಿನಲ್ಲಿ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ಟಿಡಿಐ ನೋಡುವಾಗ

ಡೀಸೆಲ್ ಸದ್ದು ಇರುತ್ತದೆ, ಅದಕ್ಕೆ ಹೆದರಬೇಡಿ. ಸ್ಟಾರ್ಟ್ ಆದಾಗ ಬಿಳಿ ಹೊಗೆ ಕ್ಷಣದಲ್ಲಿ ನಿಲ್ಲಬೇಕು. ನೀಲಿ ಹೊಗೆ ಮುಂದುವರಿದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಸುರುಳಿಯಾಕಾರದ ಹಳದಿ ದೀಪ ಸ್ಟಾರ್ಟಿಗೆ ಮೊದಲು ಹೊತ್ತಿ ಆರುವುದು ಸಹಜ, ಓಡುವಾಗ ಮಿನುಗಿದರೆ ಎಂಜಿನ್ ನಿಯಂತ್ರಣದಲ್ಲಿ ದೋಷ ದಾಖಲಾಗಿದೆ ಎಂದರ್ಥ.

ಈ ಕಾರಿನಲ್ಲಿ ಕೇಳಲೇಬೇಕಾದ ಕಾಗದ ಟೈಮಿಂಗ್ ಬೆಲ್ಟ್ ಬದಲಿಸಿದ್ದರ ಬಿಲ್. ಬೆಲ್ಟ್ ರಬ್ಬರಿನದು. ಕಿಲೋಮೀಟರ್ ಕಡಿಮೆ ಓಡಿದ್ದರೂ ವರ್ಷ ಕಳೆದಂತೆ ಹಳತಾಗುತ್ತದೆ. ಅದು ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ, ಬಿಚ್ಚಿದರೂ ಉಳಿಯುವ ಭರವಸೆ ಇಲ್ಲ. ಬಿಲ್ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲ ಎಂದೇ ಹಿಡಿದು ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರರ ಖರ್ಚನ್ನು ಬೆಲೆಯಿಂದ ಕಳೆಯಿರಿ. “ನಮ್ಮ ಹುಡುಗ ಬದಲಿಸಿದ್ದಾನೆ ಸಾರ್” ಎಂಬುದು ಬಿಲ್ ಅಲ್ಲ.

ಕ್ಲಚ್ ಪರೀಕ್ಷೆಗೆ ಮತ್ತೆ ಏರೇ ಬೇಕು. ಮೂರನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಿರುವಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿ. ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. 250 ನ್ಯೂಟನ್ ಮೀಟರ್ ಟಾರ್ಕ್ ಹಠಾತ್ತಾಗಿ ಬರುವುದರಿಂದ ಸವೆದ ಕ್ಲಚ್ ಇಲ್ಲಿ ಬಚ್ಚಿಟ್ಟುಕೊಳ್ಳಲಾರದು. ಎಂಜಿನ್ ಆರಿಸುವಾಗ ಗಡಗಡ ಒದರಿದರೆ, ಕ್ಲಚ್ ಒತ್ತಿದಾಗ ಸದ್ದು ಬದಲಾದರೆ, ಎಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರವಾದ ಫ್ಲೈವೀಲನ್ನೂ ಪರೀಕ್ಷಿಸಿ. ಕ್ಲಚ್ಚಿಗಿಂತ ಅದರ ಬೆಲೆ ನೋವು ಕೊಡುವಂಥದ್ದು.

ಆಮೇಲೆ ಸಂಪಾಜೆ ಕಡೆಗೆ ಇಳಿದು, ಮದೆನಾಡು, ಜೋಡುಪಾಲ ದಾಟಿ ತಿರುಗಿ ಹತ್ತಿ ಬನ್ನಿ. ಈ ಕಾರಿನ ಸ್ವಭಾವ ಅಲ್ಲಿ ಗೊತ್ತಾಗುತ್ತದೆ. ಸುಮಾರು 1,800 ಆರ್‌ಪಿಎಂ ಒಳಗೆ ಎಂಜಿನ್ ಮಂಕಾಗಿರುತ್ತದೆ. ಬಿಗಿಯಾದ ತಿರುವಿಗೆ ಮೂರನೇ ಗೇರಿನಲ್ಲಿ ಬಂದರೆ ಕಾರು ಕುಂಟುತ್ತದೆ, ಎರಡಕ್ಕೆ ಇಳಿಸಿದರೆ ತಿರುವು ಮುಗಿಯುವಷ್ಟರಲ್ಲಿ ಬೆನ್ನಿಗೆ ಸೀಟು ಒತ್ತುತ್ತದೆ. ಮೂತಿ ಭಾರವಿರುವುದರಿಂದ ತಿರುವಿನೊಳಗೆ ಟಿಎಸ್‌ಐಯಷ್ಟು ಚಟ್ಟನೆ ತಿರುಗುವುದಿಲ್ಲ. ಇದು ದೋಷವಲ್ಲ, ಗುಣ; ನಿಮಗೆ ಹಿಡಿಸುತ್ತದೆಯೋ ಇಲ್ಲವೋ ಎಂಬುದನ್ನು ನೀವೇ ತಿಳಿಯಬೇಕು. ನನಗಂತೂ ಮಳೆಗಾಲದ ಘಾಟಿಯಲ್ಲಿ ಈ ಡೀಸೆಲ್ಲೇ ಹೆಚ್ಚು ಪ್ರಿಯ, ಗೇರ್ ಯಾವುದಿರಬೇಕೆಂದು ನಾನೇ ತೀರ್ಮಾನಿಸಬಹುದು ಎಂಬ ಒಂದೇ ಕಾರಣಕ್ಕೆ.

ಹೊಗೆ ಪರೀಕ್ಷೆಯಲ್ಲಿ ಕಂಪನಿ ಸಾಫ್ಟ್‌ವೇರಿನಿಂದ ಮೋಸ ಮಾಡಿ ಸಿಕ್ಕಿಬಿದ್ದ 2015ರ ಹಗರಣದ ನೆನಪಿರುವವರು ಅದರ ಬಗ್ಗೆ ಕೇಳುತ್ತಾರೆ. ಹೌದು, ಆ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲೂ ಕಂಪನಿಯ ಮೂರು ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ಸಾಫ್ಟ್‌ವೇರ್ ತಿದ್ದುಪಡಿಗಾಗಿ ವಾಪಸ್ ಕರೆಸುವುದಾಗಿ ಪ್ರಕಟಿಸಲಾಗಿತ್ತು. ಆಗಿನ ಕಾರಾದರೆ ಆ ಕೆಲಸ ಆಗಿದೆಯೇ ಎಂಬುದು ಸರ್ವಿಸ್ ದಾಖಲೆಯಲ್ಲಿ ಸಿಗುತ್ತದೆ.

ನೀರು ಕುಡಿದ ಕಾರು

2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿತು, ನಮ್ಮಲ್ಲೂ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವು. 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೂ ಕರಡಿಗೋಡಿಗೂ ನೀರು ನುಗ್ಗಿತು. ಈ ಅವಧಿಯ ಪೋಲೊ ಕೊಳ್ಳುವಾಗ ನೀರಿನ ಪರೀಕ್ಷೆ ಮಾಡದೆ ಇರಲಾಗದು. ಕೇರಳ ಗಡಿ ಪಕ್ಕದಲ್ಲೇ ಇರುವುದರಿಂದ ಅಲ್ಲಿನ ಕಾರುಗಳು ನಮ್ಮಲ್ಲಿಗೆ ಸುಲಭವಾಗಿ ಬರುತ್ತವೆ.

ತೊಳೆದು ಪಾಲಿಷ್ ಮಾಡಿದ ಕಾರಿನಲ್ಲಿ ನೀರಿನ ಗುರುತು ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಪ್ರಯಾಣಿಕರ ಕಾಲಡಿಯ ಮ್ಯಾಟ್ ತೆಗೆದು, ಕಾರ್ಪೆಟ್ಟಿನ ಅಂಚನ್ನು ಬೆರಳಿನಿಂದ ಎತ್ತಿ, ಕೆಳಗಿನ ಸ್ಪಂಜನ್ನು ಒತ್ತಿ. ಒದ್ದೆಯಿದ್ದರೆ ಬೆರಳಿಗೆ ಹತ್ತುತ್ತದೆ, ಒಣಗಿದ್ದರೂ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ; ತೊಳೆಯುವವರು ಅಲ್ಲಿಯವರೆಗೆ ಹೋಗಿರುವುದಿಲ್ಲ, ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತಲೆಯಲ್ಲಿ ತುಕ್ಕಿದೆಯೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಯವಾದ ಮಣ್ಣಿದೆಯೆ ನೋಡಿ.

ಒಂದು ಎಚ್ಚರಿಕೆ: ಕಾರ್ಪೆಟ್ ಒದ್ದೆಯಿದ್ದ ಮಾತ್ರಕ್ಕೆ ಅದು ಪ್ರವಾಹದ ಕಾರೆಂದು ತೀರ್ಮಾನಿಸಬೇಡಿ. ಮರದಡಿ ನಿಲ್ಲಿಸುವ ನಮ್ಮ ಕಾರುಗಳಲ್ಲಿ ವೈಪರಿನ ಕೆಳಗಿನ ಕಾಲುವೆಯಲ್ಲಿ ಸಿಲ್ವರ್ ಓಕ್ ಎಲೆ ತುಂಬಿ, ನೀರು ಹೊರಹೋಗುವ ತೂತು ಕಟ್ಟಿಕೊಂಡು, ಮಳೆನೀರು ಒಳಗೇ ಇಳಿಯುತ್ತದೆ. ಬಾನೆಟ್ ಎತ್ತಿ ಆ ಮೂಲೆಯಲ್ಲಿ ಕೈಹಾಕಿದರೆ ಕೊಳೆತ ಎಲೆಯ ಉಂಡೆ ಬರುತ್ತದೆ. ಎಲೆ ತೆಗೆದು ಒಣಗಿಸಿದರೆ ಸಾಕು, ಆದರೆ ಅಷ್ಟರೊಳಗೆ ಕಾರ್ಪೆಟ್ಟಿನಡಿಯ ವೈರಿಂಗ್ ಹಸಿರುಗಟ್ಟಿಲ್ಲವೆಂದು ನೋಡಿಕೊಳ್ಳಬೇಕು. ವೈರಿಂಗ್ ಎಂದಮೇಲೆ ಇಲಿಯ ಮಾತೂ ಬರುತ್ತದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆಸಿ, ಟೇಪು ಸುತ್ತಿದ ವೈರುಗಳಿವೆಯೇ ಎಂದು ನೋಡಿ.

ಪೋಲೊಗಳಲ್ಲಿ ಸಾಮಾನ್ಯವಾಗಿ ಕಾಣುವ ಸಣ್ಣ ರೋಗಗಳು ಇನ್ನೂ ಕೆಲವಿವೆ: ಬಾಗಿಲಿನ ಲಾಕ್ ಒಳಗಿನ ಸ್ವಿಚ್ ಕೆಟ್ಟು ಬಾಗಿಲು ತೆರೆದಿದೆ ಎಂದೇ ತೋರಿಸುವುದು, ಎಸಿಯ ಕೂಲಿಂಗ್ ಕಾಯಿಲ್ ಸೋರುವುದು, ಕೆಟ್ಟ ರಸ್ತೆಯಲ್ಲಿ ಮುಂದಿನ ಲಿಂಕ್ ರಾಡ್ ಮತ್ತು ಬುಷ್ಷುಗಳು ಕಟಕಟ ಎನ್ನುವುದು. ಇವು ಕಾರು ಬಿಡಲು ಕಾರಣವಲ್ಲ, ಚೌಕಾಸಿಗೆ ಸಾಕು.

ಹೆಚ್ಚು ಕುದುರೆ ಸೇರಿಸಿದ ಕಾರು

ಪೋಲೊ ಜಿಟಿ ಕೊಂಡವರು ಸುಮ್ಮನಿರುವ ಜಾತಿಯವರಲ್ಲ. ಶಕ್ತಿ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಮಾರುವಾಗ ಹಳೆಯ ಪ್ರೋಗ್ರಾಂ ವಾಪಸ್ ಹಾಕಿಸಿರಬಹುದು. ಟಿಎಸ್‌ಐಯ ಡಿಎಸ್‌ಜಿಯನ್ನು ರೂಪಿಸಿರುವುದೇ 250 ನ್ಯೂಟನ್ ಮೀಟರ್‌ವರೆಗಿನ ಟಾರ್ಕಿಗೆ. ರೀಮ್ಯಾಪ್ ಮಾಡಿದ ಎಂಜಿನ್ ಆ ಮಿತಿಯ ಹತ್ತಿರಕ್ಕೆ ಹೋಗಿ, ಆ ಕ್ಲಚ್ಚಿನ ಮೇಲೆ ನಮ್ಮ ಏರೂ ಸೇರಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ದೊಡ್ಡ ಏರ್ ಫಿಲ್ಟರಿನ ಕ್ಲಾಂಪ್ ಗುರುತು, ಬದಲಿಸಿದ ಸೈಲೆನ್ಸರ್, ಸ್ಪ್ರಿಂಗ್ ತಗ್ಗಿಸಿದ ಕಾರು ಕಂಡರೆ ಅನುಮಾನಿಸಿ. ನೆಲದಿಂದ ಸುಮಾರು 165 ಮಿಲಿಮೀಟರ್ ಮಾತ್ರ ಎತ್ತರವಿರುವ ಈ ಕಾರನ್ನು ಇನ್ನೂ ತಗ್ಗಿಸಿದವರಿಂದ ಕೊಂಡರೆ ತೋಟದ ದಾರಿಯಲ್ಲಿ ಎಣ್ಣೆ ಸಂಪೇ ಮೊದಲು ಕಲ್ಲಿಗೆ ಸಿಗುತ್ತದೆ. ಆಟೋಕ್ರಾಸಿಗೆ ಇಳಿದ ಕಾರಾದರೆ ಸೀಟಿನ ಹಿಂದೆ ರೋಲ್ ಕೇಜ್ ಎಂಬ ರಕ್ಷಣಾ ಚೌಕಟ್ಟು ಕೂರಿಸಿದ ತೂತು ಮುಚ್ಚಿದ ಗುರುತು ಇರುತ್ತದೆ. ಕಂಪನಿಯ ಕಾರುಗಳನ್ನು ಓದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಹಣ ಕೊಟ್ಟಾದರೂ ಕರೆದುಕೊಂಡು ಹೋಗಿ. ಎಲ್ಲ ದೋಷಗಳನ್ನು ಆಗತಾನೇ ಅಳಿಸಿದ್ದರೆ ಅದೂ ಸ್ಕ್ಯಾನಿನಲ್ಲಿ ತಿಳಿಯುತ್ತದೆ.

ಬೆಲೆ, ತೆರಿಗೆ, ಕಾಗದ

ಒಂದೇ ಇಸವಿಯ ಎರಡು ಕಾರುಗಳ ಬೆಲೆ ಹೋಲಿಸುವಾಗ ಟಿಎಸ್‌ಐಗೆ ಗೇರ್‌ಬಾಕ್ಸ್ ರಿಪೇರಿಯ ಮೊತ್ತವನ್ನೂ, ಟಿಡಿಐಗೆ ಬೆಲ್ಟ್ ಮತ್ತು ಕ್ಲಚ್ಚಿನ ಮೊತ್ತವನ್ನೂ ಸೇರಿಸಿ ಹೋಲಿಸಿ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿದು, ರಿಪೇರಿಗೆ ಮುಂದಿನ ಕಾಫಿ ಕೊಯ್ಲನ್ನು ಕಾಯುವವರು ಡಿಎಸ್‌ಜಿ ತೆಗೆದುಕೊಳ್ಳಬಾರದು. ಅಧಿಕೃತ ಸರ್ವಿಸಿಗೆ ನಮ್ಮಲ್ಲಿ ಹೆಚ್ಚಿನವರು ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಕಾರು ದಾರಿಯಲ್ಲಿ ನಿಂತರೆ ಅಲ್ಲಿಯವರೆಗೆ ಎಳೆದೊಯ್ಯುವ ಖರ್ಚೂ ನಿಮ್ಮದೇ.

ಪೆಟ್ರೋಲಿನ ವಿಷಯದಲ್ಲಿ ಹೊಸ ಲೆಕ್ಕವೊಂದು ಸೇರಿಕೊಂಡಿದೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆತ ಪೆಟ್ರೋಲ್. ಪೋಲೊ ತಯಾರಿಕೆ ನಿಂತದ್ದು ಅದಕ್ಕೆ ಮೊದಲೇ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಇಂಧನದ ರಬ್ಬರ್ ಕೊಳವೆಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸುತ್ತಿರಬೇಕು.

ಡೀಸೆಲ್ಲಿನಲ್ಲಿ ಬೇರೆಯೇ ಆಮಿಷವಿದೆ. ದೆಹಲಿ ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಬಂದಿದ್ದ ನಿರ್ಬಂಧದಿಂದಾಗಿ ಅಲ್ಲಿನ ಟಿಡಿಐಗಳು ಅಗ್ಗವಾಗಿ ದಕ್ಷಿಣಕ್ಕೆ ಬಂದಿವೆ. ಬೆಲೆ ನೋಡಿ ಮನಸ್ಸು ಕರಗಬಹುದು. ಹೊರರಾಜ್ಯದ ಕಾರನ್ನು ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕು, ಮೂಲ ಜಾಗದ ನಿರಾಕ್ಷೇಪಣಾ ಪತ್ರ ತರಬೇಕು. ಮುಂಗಡ ಕೊಡುವ ಮೊದಲೇ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿಸಿ. ಅದನ್ನು ಕೂಡಿಸಿದ ಮೇಲೆ ಕೆಎ 12 ಸಂಖ್ಯೆಯ ಪರಿಚಿತರ ಕಾರೇ ಅಗ್ಗವಾಗಿ ಕಾಣುವುದು ಹೊಸದೇನಲ್ಲ. ಕೇರಳದ ಕಾರಿಗೂ ಇದೇ ಲೆಕ್ಕ.

ನೋಂದಣಿಗೆ 15 ವರ್ಷದ ಆಯುಷ್ಯ. 2013ರ ಕಾರು ಕೊಂಡರೆ 2028ರಲ್ಲಿ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕಾಗುತ್ತದೆ, ಬೆಲೆ ಮಾತಾಡುವಾಗ ಅದೂ ನೆನಪಿರಲಿ.

ವ್ಯಾಪಾರ ಕುದುರಿದ ದಿನ ನಮೂನೆ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆಯಿರಿ. ಹಿಂದೆ ಸಾಲವಿದ್ದರೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35, ಬೇರೆ ಆರ್‌ಟಿಒ ವ್ಯಾಪ್ತಿಯಿಂದ ಬರುವುದಾದರೆ ನಮೂನೆ 28. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿನ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಹಿಂದಿನವರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಎರಡೂ ಕೀಲಿಗಳನ್ನು ಕೇಳಿ ಪಡೆಯಿರಿ.

ಮನೆಗೆ ತಂದ ವಾರದಲ್ಲೇ ಎಂಜಿನ್ ಎಣ್ಣೆ, ಎಲ್ಲ ಫಿಲ್ಟರುಗಳು, ಬ್ರೇಕ್ ದ್ರವ ಬದಲಿಸಿ. ಟಿಡಿಐ ಆದರೆ ಬೆಲ್ಟ್ ಕೆಲಸ ಮುಗಿಯುವವರೆಗೆ ದೂರದ ಪ್ರಯಾಣ ಬೇಡ. ಟಿಎಸ್‌ಐ ಆದರೆ ಏರಿನಲ್ಲಿ ಎಕ್ಸಲರೇಟರಿನ ಮೇಲೆ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಮನೆಯವರಲ್ಲಿ ಯಾರಿಗಿದ್ದರೂ ಬಿಡಿಸಿ, ಬ್ರೇಕ್ ಒತ್ತಿ ನಿಲ್ಲಲಿ. ಮಳೆ ಹಿಡಿಯುವ ಮೊದಲು ಟೈರುಗಳ ತಯಾರಿಕೆಯ ವಾರ ಮತ್ತು ಇಸವಿ ನೋಡಿ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. ಟೈರಿನ ಮೇಲ್ಮೈಯ ಗೀರುಗಳು ಇನ್ನೂ ಆಳವಿದ್ದರೂ ಆರೇಳು ವರ್ಷ ಹಳೆಯ ಗಟ್ಟಿ ರಬ್ಬರಿನೊಂದಿಗೆ ಜೂನ್ ತಿಂಗಳ ಭಾಗಮಂಡಲ ರಸ್ತೆಗೆ ಇಳಿಯಬೇಡಿ.